ನನಗೆ ಬಾರದಿದ್ದ ಒಂದು ಅಕ್ಷರ

ಅಪ್ಪ ಈಗ ನನ್ನನ್ನು 'ಮೇಡಮ್ಮೋರೇ' ಅನ್ನುತ್ತಾರೆ. ಹೆತ್ತ ಮಗಳನ್ನು! ಮರೆವಿನ ಕಾಯಿಲೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದರು ಡಾಕ್ಟರು. ಹೇಳುವುದಕ್ಕೇನು, ಅವರ ಗಂಟೇನು ಹೋಗುತ್ತದೆ? ಊರವರೆಲ್ಲ ನನ್ನಲ್ಲಿ ಆ ಏಳು ವರ್ಷದ ಮಗುವನ್ನೇ ಹುಡುಕಿದರೂ ಹಲ್ಲು ಕಚ್ಚಿ ಸಹಿಸಿಕೊಂಡವಳು ನಾನು. ಅಪ್ಪ ಒಬ್ಬರಾದರೂ ಒಂದೇ ಒಂದು ಸಲ, ಈ ನಲವತ್ತೊಂದರ ಮುಖ ನೋಡಿ 'ಮಗಾ' ಅಂದರೆ ಸಾಕು. ನನಗೆ ಬೇಕಾಗಿರುವುದು ಅಷ್ಟೇ.

ಎಲ್ಲ ಶುರುವಾದದ್ದು ಪಾಂಡವಪುರದ ನಮ್ಮ ಅಂಗಡಿಯಲ್ಲಿ. ಅಪ್ಪ ಅಕ್ಕಸಾಲಿ. ತೊಣ್ಣೂರು ಕೆರೆಯ ಹತ್ತಿರ ಶೂಟಿಂಗಿಗೆ ಬಂದಿದ್ದವರು ನಾಯಕಿಯ ಮುರಿದ ಜುಮುಕಿ ಹಿಡಿದುಕೊಂಡು ಅಂಗಡಿಗೆ ಬಂದರು. ಅಪ್ಪನ ಪಕ್ಕ ಕೂತು ವಟವಟ ಅನ್ನುತ್ತಿದ್ದ ಏಳು ವರ್ಷದ ನನ್ನನ್ನು ನೋಡಿದ ನಿರ್ದೇಶಕರು, "ಒಂದೇ ಸೀನು, ಮಗೂನ ಕಳಿಸಿ" ಅಂದರು. ಹಾಸ್ಟೆಲ್ಲಿಗೆ ಹೋಗು ಎಂದು ಗದರುವ ಸಿನಿಮಾದ ಅಪ್ಪನಿಗೆ, ನಾನು ಸೊಂಟದ ಮೇಲೆ ಕೈಯಿಟ್ಟುಕೊಂಡು "ನಾನು ಹೋಗಲ್ಲಪ್ಪ" ಅನ್ನಬೇಕಿತ್ತು.

ನಮ್ಮ ಕಡೆ 'ಹ' ಎಲ್ಲಿದೆ? ನಮಗೆ ಹಾಲು ಆಲು, ಹಗ್ಗ ಅಗ್ಗ. ನಾನು "ನಾ ಓಗಾಕಿಲ್ಲ ಕಣಪ್ಪೋ" ಅಂದೆ. ಕಟ್. ಮತ್ತೆ ಅದೇ ಅಂದೆ. ಮತ್ತೆ ಕಟ್. ಅಪ್ಪನಿಗೆ ತಡೆಯಲಾಗಲಿಲ್ಲ. ಕ್ಯಾಮೆರಾ ಹಿಂದಿನಿಂದ ಓಡಿ ಬಂದು, ನನ್ನ ಗಲ್ಲ ಹಿಡಿದು ತಿದ್ದಿದರು: "'ಓ' ಅನ್ಬೇಡ ಮಗಾ, 'ಓ' ಅನ್ನು! ಓಗಲ್ಲ ಅಲ್ಲ, ಓಗಲ್ಲ!"

ಇಡೀ ಯೂನಿಟ್ಟು ಬಿದ್ದು ಬಿದ್ದು ನಕ್ಕಿತು. ಯಾಕೆ ನಗುತ್ತಿದ್ದಾರೆಂದು ಅಪ್ಪನಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ನಿರ್ದೇಶಕರು ಕಣ್ಣೊರೆಸಿಕೊಂಡು, "ಇದೇ ಇರಲಿ ಬಿಡಿ, ಚೆನ್ನಾಗಿದೆ" ಅಂದರು.

ನನ್ನ 'ಓಗಾಕಿಲ್ಲ ಕಣಪ್ಪೋ' ಮನೆಮಾತಾಯಿತು. ಬಸ್ಸಿನಲ್ಲಿ ಸೀಟು ಬಿಡದವರು, ಮದುವೆಯಲ್ಲಿ ಗಂಡನ ಮನೆಗೆ ಹೊರಟು ಅಳುವ ಹುಡುಗಿಯನ್ನು ನಗಿಸುವವರು, ಎಲ್ಲರೂ ಸೊಂಟದ ಮೇಲೆ ಕೈಯಿಟ್ಟು ಅದನ್ನೇ ಅನ್ನುತ್ತಿದ್ದರು. ಇನ್ನೂ ಮೂರು ಸಿನಿಮಾ ಬಂದವು. ಮೂರರಲ್ಲೂ ಅದೇ ಸೊಂಟ, ಅದೇ ಕೈ. ಹನ್ನೆರಡು ತುಂಬುವಷ್ಟರಲ್ಲಿ ನಾನು ಉದ್ದವಾದೆ. ಮನೆಗೆ ಬಂದ ನಿರ್ಮಾಪಕರೊಬ್ಬರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಛೆ, ಬೆಳೆದ್ಬಿಟ್ಟಿದ್ದಾಳಲ್ಲ" ಅಂದರು. ನಾನೇನು ಬೇಕೆಂದು ಬೆಳೆದೆನೇ? ಆ ವರ್ಷ ಅಪ್ಪ ನನಗೆ ಹೊಸ ಲಂಗ ಹೊಲಿಸಲೇ ಇಲ್ಲ. ಹಳೆಯದರಲ್ಲಿ ಮೊಣಕಾಲು ಕಾಣುತ್ತಿದ್ದರೂ, "ಇನ್ನೂ ಆಯ್ತದೆ ಬುಡು, ಚಿಕ್ ಮಗೀನಂಗೇ ಕಾಣ್ತೀಯೆ" ಅನ್ನುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು, ಪಾಪ ಅನ್ನಿಸುತ್ತಲೂ ಇತ್ತು.

ಆ ಸಿಟ್ಟಿನಲ್ಲೇ 'ಹ' ಕಲಿತೆ. ಬಾಯಿ ಮುಂದೆ ಅಂಗೈ ಹಿಡಿದು, ಉಸಿರು ತಾಗುವವರೆಗೆ ಹಾಲು, ಹಗ್ಗ, ಹಣ್ಣು ಅಂದೆ. "ಆ ಅಕ್ಸರ ಕಲ್ತು ಯಾವ್ ರಾಜ್ಯ ಆಳ್ಬೇಕವ್ವಾ?" ಎಂದು ಅಪ್ಪ ರೇಗಿಸುತ್ತಿದ್ದರು. ಕನ್ನಡ ಎಂ.ಎ. ಮಾಡಿದೆ, ನಾಗಮಂಗಲದ ಒಂದು ಕಾಲೇಜಿನಲ್ಲಿ ಉಪನ್ಯಾಸಕಿಯಾದೆ. ಮೊದಲ ದಿನ ಹಳಗನ್ನಡದ ಪದ್ಯ ಓದುತ್ತಿದ್ದರೆ ಹಿಂದಿನ ಬೆಂಚಿನಿಂದ ಒಬ್ಬ, "ಮಿಸ್, ಓಗಾಕಿಲ್ಲ ಅನ್ನಿ ಮಿಸ್" ಅಂದ. ಇಡೀ ಕ್ಲಾಸು ಗೊಳ್ಳೆಂದಿತು. ಪದ್ಯ ಅಲ್ಲಿಗೇ ಮುಗಿಯಿತು.

ಕೆ.ಆರ್. ಪೇಟೆ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಹೆಂಗಸು ನನ್ನ ಕೈ ಹಿಡಿದುಕೊಂಡಳು. "ಅಯ್ಯೋ ನಮ್ಮವ್ವ, ಆ ಕೂಸು ನೀನೇಯಾ? ಎಂಗಿದ್ದೋಳು ಇಂಗಾಗ್ಬುಟ್ಟಲ್ಲ! ಉಸಾರಿಲ್ವಾ?" ನಾನು ಗುಂಡುಕಲ್ಲಿನ ಹಾಗೆ ಇದ್ದೆ. ವಯಸ್ಸಾಗಿತ್ತು, ಅಷ್ಟೇ. ಆದರೆ ಅವಳ ಕಣ್ಣಲ್ಲಿ ನಿಜವಾಗಿ ನೀರಿತ್ತು, ಏನನ್ನೋ ಕಳೆದುಕೊಂಡವಳು ಅವಳೇ ಅನ್ನುವ ಹಾಗೆ.

ಶ್ರೀರಂಗಪಟ್ಟಣದ ಒಂದು ಶಾಲೆಯ ವಾರ್ಷಿಕೋತ್ಸವಕ್ಕೆ ಅತಿಥಿಯಾಗಿ ಕರೆದಾಗ ಭಾಷೆಯ ಬಗ್ಗೆ ನಾಲ್ಕು ಪುಟ ಬರೆದುಕೊಂಡು ಹೋದೆ. ನನಗಿಂತ ಮುಂಚೆ ಒಂದನೇ ಕ್ಲಾಸಿನ ಹುಡುಗಿಯೊಬ್ಬಳು ಆ ಮಾತನ್ನು ಹೇಳಿ ಚಪ್ಪಾಳೆ ಗಿಟ್ಟಿಸಿದಳು. ಆಮೇಲೆ ಶಾಲು ಹೊದಿಸಿ, "ನೀವೂ ಒಂದ್ಸಲ ಅನ್ಬುಡಿ ಮೇಡಂ" ಅಂದರು. ಅಂದೆ. ಚಪ್ಪಾಳೆ ಬೀಳಲಿಲ್ಲ. ಹಿಂದಿನಿಂದ ಯಾರೋ, "ಆ ಮಗೀನೇ ಚೆನ್ನಾಗಿ ಏಳ್ತು ಕಣ್ಲಾ" ಅಂದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಇನ್ನು ಸತ್ತರೂ ಆ ಮಾತು ಆಡುವುದಿಲ್ಲ ಎಂದು ಅವತ್ತೇ ಆಣೆ ಹಾಕಿಕೊಂಡೆ. ನಾಲ್ಕು ಪುಟ ಬ್ಯಾಗಿನಲ್ಲೇ ಉಳಿದವು.

ಕಳೆದ ಭಾನುವಾರ ಬೆಳಿಗ್ಗೆ ಅಪ್ಪನಿಗೆ ಇಡ್ಲಿ ತಿನ್ನಿಸುತ್ತಿದ್ದೆ. ಅವರ ಕೈಯಲ್ಲಿದ್ದ ಮೊಬೈಲಿನಲ್ಲಿ ಎಂದಿನಂತೆ ಆ ಒಂದೇ ಸೀನು. "ನೋಡಿ ಮೇಡಮ್ಮೋರೇ, ಇವ್ಳೇ ನನ್ ಮಗ್ಳು" ಅಂದರು. ನನಗೆ ಏನಾಯಿತೋ, ಆಣೆಗೀಣೆ ಎಲ್ಲ ಗಾಳಿಗೆ ತೂರಿದೆ. ತಟ್ಟೆ ಕೆಳಗಿಟ್ಟು ಎದುರಿಗೆ ನಿಂತು, ಸೊಂಟದ ಮೇಲೆ ಕೈಯಿಟ್ಟು ಅಂದೆ: "ನಾ ಹೋಗಾಕಿಲ್ಲ ಕಣಪ್ಪೋ!"

'ಹ' ಬಂದುಬಿಟ್ಟಿತ್ತು. ಅಷ್ಟು ಕಷ್ಟಪಟ್ಟು ಕಲಿತ 'ಹ', ಕರೆಯದೆ ಬಂದು ಕೂತಿತ್ತು.

ಅಪ್ಪ ಹತ್ತಿರ ಬಾ ಎಂದು ಸನ್ನೆ ಮಾಡಿ, ನನ್ನ ಗಲ್ಲ ಹಿಡಿದರು. ಈಗ 'ಮಗಾ' ಅನ್ನುತ್ತಾರೆಂದು ಕಾದೆ. "'ಓ' ಅಲ್ಲ ಕಣ್ರಮ್ಮ, 'ಓ' ಅನ್ನಿ" ಅಂದರು. ಈ ಸಲ ಬೇಕಿದ್ದದ್ದು 'ಓ'ನೇ; ಅವರು ತಿದ್ದಿದ್ದು ಸರಿಯಾಗಿಯೇ ಇತ್ತು.

"ಓಗಾಕಿಲ್ಲ ಕಣಪ್ಪೋ" ಅಂದೆ. ಇನ್ನೊಂದು ಸಲ ಅಂದೆ. ಅಪ್ಪ ಗಲ್ಲ ಬಿಟ್ಟರು, ಮೊಬೈಲಿನ ಕಡೆ ತಿರುಗಿದರು.

"ನಿಮ್ಗೆ ಬರಾಕಿಲ್ಲ ಬುಡಿ. ನನ್ ಮಗ್ಳಂಗೆ ಯಾರ್ಗೂ ಬರಾಕಿಲ್ಲ. ನೀವಿನ್ನು ಓಗಿ ಮೇಡಮ್ಮೋರೇ, ಅವ್ಳು ಸ್ಕೂಲಿಂದ ಬರೋ ಒತ್ತಾಯ್ತು."

ನಾನು ತಟ್ಟೆ ತೆಗೆದುಕೊಂಡು ಹೋದೆ.