ಎರಡು ಯಾನಕ್ಕೆ ಒಂದೇ ಕ್ರೆಡಿಟ್

ನಮ್ಮ ಯಜಮಾನರಿಗೆ ಹಡಗಿನ ಹುಚ್ಚು ಹಿಡಿದದ್ದು ಹುಣಸೂರಿನಲ್ಲಿ. ಲಕ್ಷ್ಮಣತೀರ್ಥದಲ್ಲಿ ಮೊಣಕಾಲು ನೆನೆಯುವಷ್ಟು ನೀರಿದ್ದರೆ ಅದೇ ಹೆಚ್ಚು ಎನ್ನುವ ಊರು ನಮ್ಮದು. ಅರವತ್ತು ತುಂಬಿದ ಮೇಲೆ ಮರ ಕುಯ್ಯುವ ಮಿಲ್ಲನ್ನು ಮಗನ ಕೈಗೆ ಕೊಟ್ಟು ಕೂತಿದ್ದರು. ಕೆ.ಆರ್. ನಗರದ ಅಕ್ಕಿ ಗಿರಣಿಯ ಗೆಳೆಯರೊಬ್ಬರು ನಮ್ಮಿಬ್ಬರನ್ನೂ ಸಿಂಗಪುರಕ್ಕೆ ಕರೆದುಕೊಂಡು ಹೋಗಿ ಹಡಗು ಹತ್ತಿಸಿದರು. ಹಡಗು ಚೆನ್ನಾಗಿತ್ತು, ಸುಳ್ಳೇಕೆ ಹೇಳಲಿ. ತಿನ್ನಲು ಹೊತ್ತುಗೊತ್ತಿಲ್ಲ, ಪಾತ್ರೆ ತೊಳೆಯುವ ಗೋಳಿಲ್ಲ. ಆದರೆ ಇವರ ಕಣ್ಣು ಬಿದ್ದದ್ದು ಸಮುದ್ರದ ಮೇಲಲ್ಲ, ಆ ಗೆಳೆಯರ ಕೊರಳಲ್ಲಿ ನೇತಾಡುತ್ತಿದ್ದ ಹಳದಿ ಪಟ್ಟಿಯ ಮೇಲೆ.

ಆ ಪಟ್ಟಿಗೊಂದು ಶಾಸ್ತ್ರವಿದೆ. ಕಂಪನಿಯ ಹಡಗಿನಲ್ಲಿ ಒಂದು ಯಾನ ಮುಗಿಸಿದರೆ ಒಂದು ಕ್ರೆಡಿಟ್. ಬೇರೆಯವರ ಹತ್ತಿರ ಹೋಗದೆ ನಮ್ಮ ಹತ್ತಿರವೇ ಬಂದಿರಲ್ಲ ಎಂದು ಬೆನ್ನು ತಟ್ಟುವ ಗುರುತು. ಒಂದಕ್ಕೆ ನೀಲಿ ದರ್ಜೆ, ಮೂರಕ್ಕೆ ಬೆಳ್ಳಿ, ಐದಕ್ಕೆ ಚಿನ್ನ. ಆ ಹಳದಿ ಪಟ್ಟಿ ಚಿನ್ನದವರದು; ಅವರು ಊಟದ ಸಾಲಿನಲ್ಲಿ ನಿಲ್ಲಬೇಕಿಲ್ಲ, ಕ್ಯಾಪ್ಟನ್ ತಾನೇ ಬಂದು ಕೈ ಕುಲುಕುತ್ತಾನೆ. ಇನ್ನೊಂದು ಸವಲತ್ತೆಂದರೆ, ಅವರ ಕೋಣೆಯಲ್ಲಿ ಉಳಿಯುವ ಮೂರನೆಯವರಿಗೆ ಟಿಕೆಟ್ ಪುಕ್ಕಟೆ.

ಆ ಮೂರನೆಯವಳು ನನ್ನ ಅಕ್ಕ ಎಂದು ಮೊದಲ ಯಾನ ಮುಗಿಸಿ ಬಂದಾಗಲೇ ತೀರ್ಮಾನವಾಗಿತ್ತು. ಅಕ್ಕ ಪಿರಿಯಾಪಟ್ಟಣದ ಆಚೆ, ಹಾರನಹಳ್ಳಿ ಕಡೆ ಹೊಗೆಸೊಪ್ಪು ಬೆಳೆಸುತ್ತಾಳೆ. ಸೊಪ್ಪು ಹದ ಮಾಡುವ ಬ್ಯಾರನ್ ಗೂಡಿನಲ್ಲಿ ಬೆಂದದ್ದನ್ನು ಬಣ್ಣ ನೋಡಿ ವಿಂಗಡಿಸುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಸಮುದ್ರ ಮಾತ್ರ ನೋಡಿರಲಿಲ್ಲ. ನನ್ನ ಫೋನಿನ ಫೋಟೋಗಳನ್ನು ಬೆರಳಲ್ಲಿ ಸರಿಸುತ್ತಾ, “ನಾನೂ ಒಂದ್ಸಲ ನೋಡ್ಬೇಕು ಕಣೆ” ಎಂದಳು. ನಮ್ಮವರು ಪಕ್ಕದಲ್ಲೇ ಇದ್ದರು. “ಗೋಲ್ಡ್ ಆಗ್ಲಿ ತಡೀರಿ ಅತ್ತಿಗೆ, ರಾಣಿ ಅಂಗೆ ಕರ್ಕೊಂಡೋಯ್ತೀನಿ” ಎಂದು ಮಾತು ಕೊಟ್ಟರು. ಕೈಯಿಂದಲೇ ದುಡ್ಡು ಕೊಟ್ಟು ಅಕ್ಕನಿಗೆ ಟಿಕೆಟ್ ತೆಗೆಯುವ ಶಕ್ತಿ ಇರಲಿಲ್ಲವೇ? ಇತ್ತು, ಬೇಕಾದಷ್ಟಿತ್ತು. ಗೋಲ್ಡ್ ಆಗಿ ಕರೆದುಕೊಂಡು ಹೋಗುವ ಗತ್ತೇ ಬೇರೆ ಎಂದು ಇವರ ವಾದ. ನಾನೂ ತಲೆಯಾಡಿಸಿದೆ. ಆ ತಲೆಯಾಡಿಸಿದ್ದಕ್ಕೆ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟು.

ಮೂರು ವರ್ಷಕ್ಕೆ ಮೂರು ಯಾನವಾಯಿತು, ಬೆಳ್ಳಿಗೆ ಬಂದೆವು. ಅಷ್ಟರಲ್ಲಿ ಅಕ್ಕ ಸೊಪ್ಪು ವಿಂಗಡಿಸುವಾಗ ಪಕ್ಕದಲ್ಲಿಟ್ಟ ಕಂತೆಯನ್ನು ಎಡವತೊಡಗಿದಳು. ಮೈಸೂರಿನ ಕಣ್ಣಿನ ಡಾಕ್ಟರು ಕಣ್ಣೊಳಗಿನ ಒತ್ತಡ ಜಾಸ್ತಿ ಎಂದರು. ನೋಟ ಅಂಚಿನಿಂದ ಒಳಕ್ಕೆ ಮುಚ್ಚಿಕೊಳ್ಳುತ್ತಾ ಬರುತ್ತದಂತೆ; ಡ್ರಾಪ್ಸ್ ಹಾಕಿದರೆ ಇರುವುದು ಉಳಿದೀತು, ಹೋದದ್ದು ವಾಪಸ್ಸು ಬರುವುದಿಲ್ಲ. ಬಸ್ಸಿನಲ್ಲಿ ಬರುವಾಗ ಅಕ್ಕ ಕೇಳಿದ್ದು ಒಂದೇ ಮಾತು: “ಇನ್ನೆಷ್ಟು ಹಡಗು ಬಾಕಿ ಅವೆ?”

“ಎರಡು” ಎಂದೆ.

ಮನೆಗೆ ಬಂದು ಇವರ ಮುಂದೆ ನಿಂತೆ. ಈ ಸಲ ಎರಡೂ ಒಟ್ಟಿಗೇ ಮುಗಿಯಲಿ ಎಂದೆ. ಇವರಿಗೂ ಅದೇ ಬೇಕಿತ್ತು. ಮೈಸೂರಿನ ಏಜೆಂಟನ ಹತ್ತಿರ ಕೂತು ನಾಲ್ಕು ರಾತ್ರಿಯದೊಂದು, ಅದು ಮುಗಿದ ದಿನವೇ ಅದೇ ಹಡಗಿನಲ್ಲಿ ಮೂರು ರಾತ್ರಿಯದೊಂದು, ಬೇರೆ ಬೇರೆ ಬುಕಿಂಗ್ ಎಂದು ಗೊತ್ತು ಮಾಡಿದರು. ಸಂತೋಷಕ್ಕೆ ಅಲ್ಲಿಂದಲೇ ಅಕ್ಕನಿಗೆ ಫೋನು ಹಾಕಿದೆ. ಅಲ್ಲೇ ಕೆಟ್ಟಿತು.

“ಯಾವತ್ತು ಹೊರಡೋದು, ಯಾವತ್ತು ಬರೋದು?” ಎಂದು ಕೇಳಿ, ಆ ಕಡೆಯಿಂದಲೇ ಬೆರಳು ಮಡಚಿ ದಿನ ಎಣಿಸಿದಳು. “ಅಯ್ಯಯ್ಯೋ, ಒಂಬತ್ನೇ ದಿನಕ್ಕೆ ಮನೆ ಒಳಕ್ಕೆ ಬತ್ತೀರಲ್ಲೇ! ಬ್ಯಾಡ ಕಣವ್ವ. ಮನೆಗಾಗಾಕಿಲ್ಲ.”

ಮನೆ ಬಿಟ್ಟ ಒಂಬತ್ತನೇ ದಿನ ಹೊಸ್ತಿಲು ದಾಟಿ ಒಳಗೆ ಬರಬಾರದೆಂಬುದು ನಮ್ಮ ಕಡೆ ನಡೆದುಕೊಂಡು ಬಂದ ರಿವಾಜು. ಹಡಗಿನಲ್ಲಿ ತೋಳಿಲ್ಲದ ಬನಿಯನ್ ಹಾಕಿಕೊಂಡು ಪಾಸ್ತಾ ತಿನ್ನುವ ನಮ್ಮ ಯಜಮಾನರು ಇದನ್ನು ಕೇಳಿದ್ದೇ ಬೆವರಿದರು. ಸಿಂಗಪುರದಲ್ಲಿ ಒಂದು ರಾತ್ರಿ ಲಾಡ್ಜಿನಲ್ಲಿದ್ದು ಮರುದಿನ ಬರೋಣ ಎಂದೆ. “ಲಾಡ್ಜ್‌ಗೆ ಯಾವನು ಕೊಡ್ತಾನೆ ಕ್ರೆಡಿಟ್ಟು?” ಎಂದು ನನ್ನ ಬಾಯಿ ಮುಚ್ಚಿಸಿದರು. ಏಜೆಂಟ್ ತಕ್ಷಣ ಇನ್ನೊಂದು ತೆಗೆದು ತೋರಿಸಿದ: ನಾಲ್ಕು ರಾತ್ರಿಯ ಎರಡು ಯಾನಗಳನ್ನು ಕಂಪನಿಯವರೇ ಜೋಡಿಸಿ, ಎಂಟು ರಾತ್ರಿಯ ಒಂದೇ ಪ್ಯಾಕೇಜ್ ಮಾಡಿದ್ದರು. ಹತ್ತನೇ ದಿನಕ್ಕೆ ಮನೆ. ಒಂಬತ್ತೂ ತಪ್ಪಿತು, ಎರಡು ಕ್ರೆಡಿಟ್ಟೂ ಬಂತು ಎಂದು ಇವರು ಅಲ್ಲೇ ಸಹಿ ಹಾಕಿದರು. ಕೆಳಗಿನ ಸಣ್ಣ ಅಕ್ಷರಗಳನ್ನು ಓದಲಿಲ್ಲ. ಮರದ ದಿಮ್ಮಿ ಕೊಳ್ಳುವಾಗ ನಾಲ್ಕು ಸಲ ಸುತ್ತಿ ಸುತ್ತಿ ನೋಡುವ ಮನುಷ್ಯ!

ಹತ್ತನೇ ದಿನ ಮನೆಗೆ ಬಂದು ಸ್ನಾನಕ್ಕೂ ಮೊದಲೇ ಫೋನಿನಲ್ಲಿ ದರ್ಜೆ ತೆಗೆದು ನೋಡಿದರು. ನಾಲ್ಕು ಕ್ರೆಡಿಟ್, ಬೆಳ್ಳಿ. ಕಂಪನಿಗೆ ಫೋನು ಹೋಯಿತು. ಎತ್ತಿದ ಹುಡುಗಿ ಪುಣ್ಯಕ್ಕೆ ಕನ್ನಡದವಳು.

“ಬುಕಿಂಗ್ ನಂಬರ್ ಒಂದೇ ಇದೆ ಸರ್. ಜೋಡಿಸಿದ ಯಾನಕ್ಕೆ ಒಂದೇ ಕ್ರೆಡಿಟ್. ಬೇರೆ ಬೇರೆ ಬುಕ್ ಮಾಡಿದ್ರೆ ಎರಡು ಸಿಗ್ತಿತ್ತು.”

“ಅದೆಂಗಮ್ಮ? ನಾಕು ರಾತ್ರಿ ಆದ್ಮೇಲೆ ಅರ್ಧ ಹಡಗು ಇಳಿದೋಯ್ತು! ನಮಗೆ ಹೊಸ ಕಾರ್ಡ್ ಕೊಟ್ರಿ. ಇನ್ನೊಂದ್ಸಲ ಲೈಫ್ ಜಾಕೆಟ್ ತೋರ್ಸಿ ಡ್ರಿಲ್ ಮಾಡ್ಸಿದ್ರಿ. ಎಲ್ಡು ಸಲ ನಿಂತಿದೀನಿ ಕಣಮ್ಮ ನಾನು!”

“ಹೌದು ಸರ್, ಆದ್ರೂ ಒಂದೇ ಯಾನ.”

“ಹೋಗ್ಲಿ, ರಾತ್ರಿ ಲೆಕ್ಕ ಹಾಕು. ಎಂಟು ರಾತ್ರಿ!”

“ರಾತ್ರಿ ಲೆಕ್ಕ ಬೇರೆ ಕಂಪನಿಯವರು ಹಾಕ್ತಾರೆ ಸರ್. ನಮ್ಮಲ್ಲಿ ಯಾನದ ಲೆಕ್ಕ. ನಿಮ್ಮ ನಿಷ್ಠೆಗೆ ನಾವು ಸದಾ ಋಣಿ ಸರ್.”

ನನಗೆ ನಗು ಬಂತು. ಮೂವತ್ತು ವರ್ಷ ಸರ್ಕಾರಿ ಕಚೇರಿಯೊಂದರ ಟಪಾಲು ಮೇಜಿನಲ್ಲಿ ಕೂತು, ‘ಒಂದೇ ಅರ್ಜಿಯಲ್ಲಿ ಎರಡು ಕೆಲಸ ಬರೆದುಕೊಂಡು ಬಂದರೆ ಒಂದೇ ನಂಬರ್ ಕಣ್ರೀ’ ಎಂದು ಎಷ್ಟು ಜನರನ್ನು ವಾಪಸ್ಸು ಅಟ್ಟಿಲ್ಲ ನಾನು! ಆ ಹುಡುಗಿಯ ದನಿಯಲ್ಲಿ ನನ್ನದೇ ದನಿ ಕೇಳಿಸಿತು. ಆಮೇಲೆ ಅಕ್ಕ ನೆನಪಾದಳು, ನಗು ನಿಂತಿತು.

“ಇನ್ನೊಂದು ತಾನೆ, ಬರೋ ವರ್ಸ ಮುಗುಸ್ಬುಡನ” ಎಂದರು ಇವರು. ನಾನು ಬಾಯಿಗೆ ಬಂದದ್ದು ಅಂದೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಅಕ್ಕನಿಗೆ ಒಂದು ಹಡಗು ಕಮ್ಮಿ ಬಿತ್ತು ಎಂದೆ, ಅಷ್ಟೇ. ಕಮ್ಮಿ ಬಿದ್ದದ್ದು ಅವಳು ಮಡಚಿದ ಬೆರಳಿನಿಂದ ಎಂದು ಹೇಳಲು ಬಾಯಿ ಬರಲಿಲ್ಲ. “ಬುಡು, ನಮ್ಮ ಅಣೇಲಿ ಬರ್ದಿಲ್ಲ” ಎಂದಳು. ಆ ‘ಬುಡು’ ನನ್ನನ್ನು ವಾರವಿಡೀ ಮಲಗಲು ಬಿಡಲಿಲ್ಲ.

ಮುಂದಿನ ಸೋಮವಾರ ಹಾರನಹಳ್ಳಿಗೆ ಹೋಗಿ ಅವಳ ಜೊತೆ ಉಳಿದು, ಮಾರನೆಯ ಬೆಳಿಗ್ಗೆ ಅವಳ ಕೈ ಹಿಡಿದುಕೊಂಡು ಹೊರಟೆ. ವಿರಾಜಪೇಟೆಗೆ ಹೋಗಿ, ಅಲ್ಲಿಂದ ಕೇರಳದ ಕಣ್ಣೂರಿನ ಬಸ್ಸು. ಎಷ್ಟು ದಿನ ಎಂದು ಕೇಳಿದಳು. ನಾಳೆಯೇ ವಾಪಸ್ಸು, ಒಂಬತ್ತರ ಗೊಡವೆ ಇಲ್ಲ ಎಂದೆ. ಘಟ್ಟ ಇಳಿಯುವಾಗ ನನಗೆ ವಾಂತಿಯಾಯಿತು. ಅಕ್ಕ ಗಟ್ಟಿಯಾಗಿ ಕೂತಿದ್ದಳು, ಹುಣಸೆಹಣ್ಣಿನ ಉಂಡೆ ಕೊಟ್ಟಳು. ಊಟದ ಹೊತ್ತು ದಾಟುವಷ್ಟರಲ್ಲಿ ಕಡಲ ದಂಡೆಯಲ್ಲಿದ್ದೆವು.

ಅಕ್ಕ ಚಪ್ಪಲಿ ಬಿಟ್ಟು ಮರಳ ಮೇಲೆ ನಿಂತಳು. ಸೊಪ್ಪು ನೋಡುವ ಹಾಗೆ ತಲೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿ, ತುಣುಕು ತುಣುಕಾಗಿ ನೋಡಿದಳು. ಸೀರೆಯ ನೆರಿಗೆ ನೆನೆಯಿತು, ಎತ್ತಿಕೊಳ್ಳಲಿಲ್ಲ.

ಆಗಲೇ ನನ್ನ ಫೋನು ಬಡಿದುಕೊಂಡಿತು. ಯಜಮಾನರು. “ಎಲ್ಲಿದ್ದೀಯೆ? ಕಂಪನಿಯೋರು ಹೊಸ ಸ್ಕೀಮ್ ಕಳ್ಸವ್ರೆ, ಈ ಸಲ ಗ್ಯಾರಂಟಿ ಗೋಲ್ಡು.” ಸಮುದ್ರದ ಹತ್ತಿರ ಇದ್ದೇನೆ ಎಂದು ಫೋನು ಇಟ್ಟೆ.

“ಇಷ್ಟೇ ದೂರ ಇತ್ತಾ?” ಎಂದಳು ಅಕ್ಕ. ಬೈಗುಳವಾಗಲಿ, ಆಡಿಕೊಳ್ಳುವ ದನಿಯಾಗಲಿ ಅದರಲ್ಲಿರಲಿಲ್ಲ. ಇನ್ನೊಂದು ಸಲ ತಲೆ ತಿರುಗಿಸಿ ನೋಡಿ, ನನ್ನ ತೋಳು ಹಿಡಿದುಕೊಂಡಳು.

“ಆ ಮೊದಲ್ನೇ ಸಲ ಕೇಳ್ದಾಗ್ಲೇ ಬಂದಿದ್ರೆ, ಇನ್ನೂ ಅಗ್ಲ ಕಾಣ್ತಿತ್ತೇನೋ ಕಣೆ.”