ಪೇಟಕ್ಕೆ ಬಿದ್ದ ನಲವತ್ತೊಂದು ಓಟು

ಸಿದ್ದಮಲ್ಲಪ್ಪನವರು ಜನರನ್ನು ನೆನಪಿಡುತ್ತಿದ್ದುದು ಮುಖದಿಂದಲ್ಲ, ತಲೆಯಿಂದ. ಸಂತೇಪೇಟೆಯ ಅಂಗಡಿಯಲ್ಲಿ ಕೂತು, ಬೀದಿಯಲ್ಲಿ ಹೋಗುವವರನ್ನು ‘ಉದ್ದ ತಲೆ, ಎಡಗಡೆ ಕೊಂಚ ತಗ್ಗು’ ಎಂದು ಕಣ್ಣಲ್ಲೇ ಅಳೆಯುತ್ತಿದ್ದರು. ಅವರ ಕಸುಬು ಮೈಸೂರು ಪೇಟ ಕಟ್ಟುವುದು. ಹನ್ನೆರಡನೆಯ ವಯಸ್ಸಿನಲ್ಲಿ ತಂದೆಯಿಂದ ಕಲಿತದ್ದು. ಮದುವೆಗಂಡು, ನಿವೃತ್ತಿಯಾಗುತ್ತಿರುವ ಗುಮಾಸ್ತ, ಸ್ಟುಡಿಯೋದಲ್ಲಿ ಫೋಟೋಕ್ಕೆ ಕೂರುವ ಯಜಮಾನ, ಎಲ್ಲರ ತಲೆಯೂ ಅವರ ಕೈಯನ್ನು ಹಾದೇ ಹೋಗಬೇಕಿತ್ತು. 1953ರಲ್ಲಿ ಅವರಿಗೆ ಐವತ್ತನಾಲ್ಕು ವರ್ಷ. ವಿದ್ಯಾರಣ್ಯಪುರದ ಮನೆಯಿಂದ ಅಂಗಡಿಗೆ ನಡೆದು ಬರುವಾಗ ಎದುರಾಗುವ ಬರಿದಲೆಗಳನ್ನು ಎಣಿಸುತ್ತಿದ್ದರು. ಲೆಕ್ಕ ವರ್ಷದಿಂದ ವರ್ಷಕ್ಕೆ ಏರುತ್ತಲೇ ಇತ್ತು.

ಆದರೂ ಒಂದು ನೆಮ್ಮದಿಯಿತ್ತು. ಬೀದಿಯ ವರ್ತಕರ ಸಂಘದ ಅಧ್ಯಕ್ಷರು ಪೇಟ ತೊಟ್ಟೇ ಕುರ್ಚಿಯಲ್ಲಿ ಕೂರಬೇಕು, ದಸರಾದಲ್ಲಿ ಹಿರಿಯ ಸದಸ್ಯರಿಗೆ ಪೇಟ ಕಟ್ಟಿ ಗೌರವಿಸಬೇಕು ಎಂಬ ನಿಯಮವಿತ್ತು. ಕಟ್ಟುವ ಹಕ್ಕು ತಂದೆಯ ಕಾಲದಿಂದ ಅವರ ಮನೆತನದ್ದು.

ಆ ವರ್ಷ ಅಧ್ಯಕ್ಷಗಿರಿಗೆ ಚುನಾವಣೆ ಬಂತು. ಸಂಘದೊಳಗೆ ಎರಡು ಪಕ್ಷ. ಹೊಸ ಪಕ್ಷದಿಂದ ನಿಂತವರು ಅಲ್ಯೂಮಿನಿಯಂ ಪಾತ್ರೆ ಅಂಗಡಿಯ ಶಿವರುದ್ರಪ್ಪ. ಬಿಳಿ ಟೋಪಿಯವರು. “ಇದೇನು ಸಂಘವೋ, ದರ್ಬಾರೋ? ಗೆದ್ದರೆ ಪೇಟದ ನಿಯಮ ತೆಗೆದುಹಾಕುತ್ತೇನೆ” ಎಂದು ಅಂಗಡಿ ಅಂಗಡಿಗೆ ಹೋಗಿ ಹೇಳಿದರು. ಸಿದ್ದಮಲ್ಲಪ್ಪನವರಿಗೆ ಆತಂಕವಾಗಲಿಲ್ಲ. ಹಳೇ ಪಕ್ಷ ಇತ್ತಲ್ಲ. ಅದರ ಗುರುತೇ ಪೇಟ.

ಆತಂಕ ತಂದವರು ಪಕ್ಕದ ಬೆಲ್ಲದ ಮಂಡಿಯ ಜವರಯ್ಯ.

“ಸಿದ್ದಮಲ್ಲಪ್ನೋರೇ, ನಮ್ಮ ಪಕ್ಷದೋರು ಯಾರ್ನ ನಿಲ್ಸವ್ರೆ ಗೊತ್ತಾ? ತೀರಿಕೊಂಡ ಅಧ್ಯಕ್ಷರ ಮಗ, ಪ್ರಭುಸ್ವಾಮಿ.”

“ಬೊಂಬಾಯಿಂದ ಬಂದವ್ನಾ? ಒಳ್ಳೇದಾಯ್ತು. ಅವರಪ್ಪಂದು ಎಂಥಾ ತಲೆ!”

“ತಲೆ ಅದೆ ಕಣ್ರೀ. ಎಣ್ಣೆ ಹಾಕಿ ಬಾಚಿದ ಕ್ರಾಪು ಅದೆ. ಪೇಟ ಒಂದಿಲ್ಲ.”

ಪಕ್ಷದ ಸಭೆಯಲ್ಲಿ ಹಿರಿಯರೆಲ್ಲ ಗೊಣಗಿದರು. ಪ್ರಭುಸ್ವಾಮಿ ನಗುತ್ತಲೇ ಉತ್ತರ ಕೊಟ್ಟ: “ಪೇಟದ ಮೇಲೆ ನನಗೂ ಗೌರವ ಇದೆ. ಮೇಜಿನ ಮೇಲಿಟ್ಟು ನಮಸ್ಕಾರ ಮಾಡ್ತೀನಿ, ದಸರಾದಲ್ಲಿ ಹಿರಿಯರಿಗೂ ಕಟ್ಟಿಸ್ತೀನಿ. ತಲೆ ಮೇಲೆ ಮಾತ್ರ ಬೇಡ, ಸೆಕೆ.” ಸಿದ್ದಮಲ್ಲಪ್ಪನವರು ಎದ್ದು ನಿಂತರು. “ಬರಿದಲೆಗೆ ನನ್ನ ಓಟಿಲ್ಲ” ಎಂದು ಎಲ್ಲರೆದುರು ಹೇಳಿಬಿಟ್ಟರು. ಚಪ್ಪಾಳೆ ಬಿತ್ತು. ಚಪ್ಪಾಳೆ ನಿಂತ ಮೇಲೆ ತಾವು ಹೇಳಿದ್ದೇನೆಂದು ಅವರಿಗೆ ಹೊಳೆಯಿತು.

ಊಟಕ್ಕೆ ಕೂತಾಗ ಹೆಂಡತಿ ನೀಲಮ್ಮನ ಮುಂದೆ ತೋಡಿಕೊಂಡರು.

“ಓಟು ಹಾಕೋದೇ ಬ್ಯಾಡ, ಬುಟ್ಬುಡಿ ಅತ್ಲಾಗೆ” ಎಂದರು ನೀಲಮ್ಮ.

“ಬುಟ್ರೆ ಶಿವರುದ್ರಪ್ಪ ಗೆಲ್ತಾನೆ. ಅಪ್ಪನ ಕಾಲದ ಕೆಲಸ ಹೋಯ್ತದೆ.”

“ಹಂಗಾದ್ರೆ ಹಾಕಿ.”

“ಹಾಕಿದ್ರೆ ಮಾತು ಹೋಯ್ತದೆ.”

“ಎರಡ್ರಲ್ಲಿ ಯಾವ್ದು ಹೋದ್ರೆ ಊಟ ಮಾಡ್ತೀರೋ ಬೇಗ ಹೇಳಿ. ಸಾರು ಆರ್ತಾ ಅದೆ.”

ಚುನಾವಣೆ ನಡೆಸುವ ಹೊಣೆ ನಿವೃತ್ತ ಹೆಡ್‌ಮಾಸ್ತರು ಲಕ್ಷ್ಮೀನರಸಿಂಹ ಅವರದು. ಹಿಂದಿನ ವರ್ಷದ ಮಹಾಚುನಾವಣೆಯ ಕ್ರಮವನ್ನೇ ಅವರು ಅನುಸರಿಸಿದರು: ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ತಗಡಿನ ಪೆಟ್ಟಿಗೆ, ಅದರ ಮೇಲೆ ಅವರವರ ಗುರುತು. ಪರದೆಯ ಹಿಂದೆ ಹೋಗಿ, ಬೇಕಾದ ಪೆಟ್ಟಿಗೆಗೆ ಚೀಟಿ ಹಾಕಿ ಬರಬೇಕು. ಶಿವರುದ್ರಪ್ಪನವರ ಗುರುತು ಲಾಟೀನು. ಅದು ಚೆನ್ನಾಗಿ ಮೂಡಿತ್ತು. ಪೇಟದ ಚಿತ್ರ ಕೆಟ್ಟಿತ್ತು. “ಇದು ಪೇಟನೋ, ಹಲಸಿನಹಣ್ಣೋ?” ಎಂದು ಜವರಯ್ಯ ಜಗಳ ತೆಗೆದ ಮೇಲೆ, ಪೆಟ್ಟಿಗೆಯ ಮೇಲೆ ನಿಜವಾದ ಪೇಟವನ್ನೇ ಇಡಬಹುದೆಂದು ಹೆಡ್‌ಮಾಸ್ತರು ಒಪ್ಪಿದರು. ಅದನ್ನು ಕಟ್ಟಿಕೊಟ್ಟವರು ಸಿದ್ದಮಲ್ಲಪ್ಪನವರೇ. ಹಾಲುಬಿಳುಪಿನ ರೇಷ್ಮೆ, ಅಂಗೈಯಗಲ ಜರಿ.

ಭಾನುವಾರ ಬೆಳಿಗ್ಗೆ ಪರದೆಯ ಹಿಂದೆ ನಿಂತಾಗ ಅವರ ಕೈಯಲ್ಲಿ ಚೀಟಿಯಿತ್ತು. ಎಡಕ್ಕೆ ಲಾಟೀನು, ಬಲಕ್ಕೆ ಪೇಟ. ಪೇಟದ ಕೆಳಗೆ ಪ್ರಭುಸ್ವಾಮಿಯ ಪೆಟ್ಟಿಗೆ. ಸಂತೇಪೇಟೆಯ ವರ್ತಕರಿಗೆ ಒಂದು ಅಭ್ಯಾಸವಿತ್ತು. ಕಾಗದ, ರಸೀದಿ, ಬಸ್ಸಿನ ಟಿಕೆಟ್ಟು, ಏನೇ ಇದ್ದರೂ ಪೇಟದ ಮಡಿಕೆಯಲ್ಲಿ ಸಿಕ್ಕಿಸಿಕೊಳ್ಳುವುದು. ಸಿದ್ದಮಲ್ಲಪ್ಪನವರ ಕೈ ಅದೇ ದಾರಿ ಹಿಡಿಯಿತು. ಚೀಟಿಯನ್ನು ನಾಲ್ಕಾಗಿ ಮಡಿಸಿ ಪೇಟದ ಎರಡನೆಯ ಸುತ್ತಿನೊಳಗೆ ತುರುಕಿ ಹೊರಗೆ ಬಂದರು.

“ಏನ್ ಮಾಡುದ್ರಿ?” ಎಂದರು ಜವರಯ್ಯ.

“ಪೇಟಕ್ಕೆ ಹಾಕ್ದೆ. ತಲೆಗಲ್ಲ.”

ಜವರಯ್ಯನವರಿಗೆ ಹೇಳಿದ ಮೇಲೆ ಬೀದಿಗೆ ಬೇರೆ ಹೇಳಬೇಕಾಗಿರಲಿಲ್ಲ. ಅರ್ಧ ಗಂಟೆಯಲ್ಲಿ ಹಳೇ ಪಕ್ಷದ ಸಾಲು ಪೂರ್ತಿ ಮುಸಿಮುಸಿ ನಗುತ್ತಿತ್ತು.

ಸಂಜೆ ನಾಲ್ಕಕ್ಕೆ ಎಣಿಕೆ. ಹೆಡ್‌ಮಾಸ್ತರು ಪೆಟ್ಟಿಗೆ ತೆರೆಯಲೆಂದು ಪೇಟ ಎತ್ತಿದರು. ಒಂದು ಚೀಟಿ ಉದುರಿತು. ಅಲುಗಿಸಿದರು, ಮತ್ತೆ ಮೂರು.

“ಪೇಟ ಮೊಟ್ಟೆ ಇಕ್ತಾ ಅದೆ ಕಣ್ರಪ್ಪೋ!” ಎಂದು ಜವರಯ್ಯ ಕೂಗಿದರು.

ಪೇಟ ಬಿಚ್ಚಲು ಸಿದ್ದಮಲ್ಲಪ್ಪನವರನ್ನೇ ಕರೆದರು. ಅವರು ಒಂದೊಂದು ಸುತ್ತು ಬಿಚ್ಚಿದಂತೆಲ್ಲ ಚೀಟಿಗಳು ಬಿದ್ದವು. ಜೊತೆಗೆ ಒಂದು ಅರ್ಧ ಬೀಡಿ, ಅಗಸರ ಚೀಟಿ, ನಂಜನಗೂಡಿನ ಬಸ್ ಟಿಕೆಟ್ಟು. ಸಭೆಯಲ್ಲಿ ನಗು ನಿಲ್ಲಲಿಲ್ಲ. ಕೊನೆಗೆ ಲೆಕ್ಕ ಹೀಗಿತ್ತು: ಲಾಟೀನು ಐವತ್ತೆರಡು, ಪ್ರಭುಸ್ವಾಮಿಯ ಪೆಟ್ಟಿಗೆ ಮೂವತ್ತೆಂಟು, ಪೇಟ ನಲವತ್ತೊಂದು. ಗೆಲ್ಲಲು ಅರ್ಧಕ್ಕಿಂತ ಹೆಚ್ಚು, ಅಂದರೆ ಅರುವತ್ತಾರು ಬೇಕು.

“ಇದು ಯಾರ ಕೆಲಸ?” ಹೆಡ್‌ಮಾಸ್ತರು ಕನ್ನಡಕ ಸರಿಮಾಡಿಕೊಂಡರು.

“ಮೊದಲನೇದು ನಂದು ಸ್ವಾಮಿ” ಎಂದರು ಸಿದ್ದಮಲ್ಲಪ್ಪ. “ಪಕ್ಷ ನಮ್ಮದೇ. ಆಳು ನಮಗೆ ಸರಿಬರ್ಲಿಲ್ಲ. ಅದಕ್ಕೆ ಪೇಟಕ್ಕೆ ಹಾಕ್ದೆ.”

ಶಿವರುದ್ರಪ್ಪನವರು ಎದ್ದರು. ಎದುರಾಳಿಯನ್ನು ಕಟ್ಟಿಹಾಕಲು ಇದೇ ಸಮಯವೆಂದು ಅವರಿಗೆ ಕಂಡಿತು. “ಪೇಟಕ್ಕೆ ಬಿದ್ದ ಓಟು ಪೇಟ ತೊಡೋರಿಗೆ ಸೇರ್ಬೇಕು ತಾನೆ? ಪ್ರಭುಸ್ವಾಮಿ ತೊಡ್ಲಿ, ತಗೊಳ್ಲಿ!”

“ಸರಿ ಸರಿ” ಎಂದು ಸಭೆ ಕೂಗಿತು. ಹೆಡ್‌ಮಾಸ್ತರು ಅದನ್ನೇ ತೀರ್ಪೆಂದು ಬರೆದುಕೊಂಡು ಪ್ರಭುಸ್ವಾಮಿಯ ಕಡೆ ತಿರುಗಿದರು.

“ಕ್ಷಮಿಸಿ ಮೇಷ್ಟ್ರೇ” ಎಂದ ಪ್ರಭುಸ್ವಾಮಿ. “ಕುರ್ಚಿಗೋಸ್ಕರ ವೇಷ ಹಾಕಲ್ಲ. ಹಂಗೆ ಮಾಡಿದ್ರೆ ಇವರು ನನ್ನನ್ನ ಇನ್ನೂ ಬಯ್ತಾರೆ.” ಹಳೇ ಪಕ್ಷದವರು ಮೊದಲ ಬಾರಿಗೆ ಅವನಿಗೆ ಚಪ್ಪಾಳೆ ತಟ್ಟಿದರು.

“ಹಾಗಾದರೆ ನೀವು, ಶಿವರುದ್ರಪ್ಪನವರೇ?” ಹೆಡ್‌ಮಾಸ್ತರ ದನಿಯಲ್ಲಿ ತಮಾಷೆ ಇರಲಿಲ್ಲ. ನಿಯಮ ಇಬ್ಬರಿಗೂ ಒಂದೇ.

ಶಿವರುದ್ರಪ್ಪನವರು ಕುರ್ಚಿ ನೋಡಿದರು. ಮೇಜಿನ ಮೇಲೆ ರಾಶಿ ಬಿದ್ದ ರೇಷ್ಮೆ ನೋಡಿದರು. ಐವತ್ತೆರಡಕ್ಕೆ ನಲವತ್ತೊಂದು ಕೂಡಿದರೆಷ್ಟೆಂದು ತುಟಿಯಲ್ಲೇ ಲೆಕ್ಕ ಹಾಕಿದರು. ಆಮೇಲೆ ನಿಧಾನವಾಗಿ ಟೋಪಿ ತೆಗೆದು ಜೇಬಿಗೆ ಹಾಕಿಕೊಂಡು ಸ್ಟೂಲಿನ ಮೇಲೆ ಕೂತರು. ಸಭಾಂಗಣದ ಹೆಂಚು ಹಾರಿಹೋಗುವಂತೆ ಗದ್ದಲವೆದ್ದಿತು.

ಸಿದ್ದಮಲ್ಲಪ್ಪನವರು ಬಟ್ಟೆ ಹಿಡಿದು ಅಲ್ಲಾಡದೆ ನಿಂತಿದ್ದರು. ಅವರು ಕಟ್ಟದಿದ್ದರೆ ಯಾರೂ ಅಧ್ಯಕ್ಷರಲ್ಲ. ಕಟ್ಟಿದರೆ, ‘ಪೇಟ ತೆಗೆಸುತ್ತೇನೆ’ ಎಂದವನೇ ಅಧ್ಯಕ್ಷ.

“ಕಟ್ಟಿ ಸಿದ್ದಮಲ್ಲಪ್ನೋರೇ, ಕಾಯಿಸ್ಬೇಡಿ” ಎಂದು ಪ್ರಭುಸ್ವಾಮಿಯೇ ನಕ್ಕ.

ಅವರು ಕಟ್ಟತೊಡಗಿದರು. ಗುಂಡು ತಲೆ, ಹಣೆ ಅಗಲ, ಪೇಟಕ್ಕೆ ಹೇಳಿ ಮಾಡಿಸಿದಂತಿತ್ತು. ಸುತ್ತು ಸುತ್ತಾಗಿ ಏರಿಸುತ್ತ ಕೊನೆಯ ತುದಿಗೆ ಬಂದು, ಅದನ್ನು ಒಳಗೆ ಸಿಕ್ಕಿಸದೆ ಕೈಯಲ್ಲೇ ಬಿಗಿಯಾಗಿ ಹಿಡಿದುಕೊಂಡರು.

“ದಸರಾಕ್ಕೂ ನಾನೇ ಕಟ್ಟೋದು ತಾನೆ?”

“ಅದು ಸಭೇಲಿ ಮಾತಾಡ್ಬೇಕಾದ್ದು...”

ಸಿದ್ದಮಲ್ಲಪ್ಪ ತುದಿಯನ್ನು ಇನ್ನಷ್ಟು ಬಿಗಿಯಾಗಿ ಎಳೆದರು.

“ಅಯ್ಯೋ, ನೀವೇ ಕಣ್ರೀ! ಮುಂದಿನ ದಸರಾಕ್ಕೂ ನೀವೇ! ನಾನಿರೋವರ್ಗೂ ನೀವೇ! ಸಿಕ್ಕಿಸ್ರಪ್ಪ ಮೊದ್ಲು!”

“ಬರ್ಕೊಂಡ್ರಾ ಮೇಷ್ಟ್ರೇ?”

“ಬರೆದುಕೊಂಡೆ” ಎಂದರು ಲಕ್ಷ್ಮೀನರಸಿಂಹ.

ಸಿದ್ದಮಲ್ಲಪ್ಪನವರು ತುದಿ ಸಿಕ್ಕಿಸಿ, ಎರಡು ಹೆಜ್ಜೆ ಹಿಂದೆ ಸರಿದು, ಹೊಸ ಅಧ್ಯಕ್ಷರಿಗೆ ಕೈಮುಗಿದರು.