ಹೊಲಿಗೆಗೆ ನಿಲ್ಲದ ತುಂಡು

ಇಂಥ ಬರಹಗಳನ್ನು ಓದಿ ನಗುತ್ತಿದ್ದವರಲ್ಲಿ ನಾನೂ ಒಬ್ಬ. ಗಾಳಿ, ಶಕುನ, ಸೋಂಕು ಎಂದು ಯಾರಾದರೂ ಶುರು ಮಾಡಿದರೆ, "ಅವತ್ತು ಎಷ್ಟು ಕುಡಿದಿದ್ರಿ?" ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಎಸ್ಸೆಸ್ಸೆಲ್ಸಿ ಪಾಸು ಮಾಡಿದ ಟೈಲರ್ ನಾನು. ಕಣ್ಣಿಗೆ ಕಂಡದ್ದನ್ನು, ಟೇಪಿಗೆ ಸಿಕ್ಕಿದ್ದನ್ನು ಮಾತ್ರ ನಂಬುತ್ತಿದ್ದೆ. ಈಗ ನಗೆಗೀಡಾಗುವ ಸರದಿ ನನ್ನದು. ನಗುವವರು ನಗಬಹುದು, ನನಗೆ ಬೇಸರವಿಲ್ಲ. ಆದರೆ ಇದು ಕತ್ತಲಲ್ಲಿ ನಡೆದದ್ದಲ್ಲ. ಮಟಮಟ ಮಧ್ಯಾಹ್ನ, ತುಮಕೂರಿನ ಪೇಟೆಯ ನಡುವೆ, ನನ್ನದೇ ಕಟಿಂಗ್ ಟೇಬಲ್ಲಿನ ಮೇಲೆ ನಡೆದದ್ದು. ನಾನು ಹೇಳುತ್ತಿರುವುದು ಬಟ್ಟೆ, ಸೂಜಿ, ದಾರದ ವಿಷಯ. ಅದರಲ್ಲಿ ನನಗೆ ಬುದ್ಧಿ ಹೇಳಲು ಬರುವವರು ಮೊದಲು ಒಂದು ಗುಂಡಿಯನ್ನಾದರೂ ನೆಟ್ಟಗೆ ಹೊಲಿದು ತೋರಿಸಲಿ.

ಎಂಬತ್ತರ ದಶಕ ಆಗತಾನೆ ಶುರುವಾಗಿತ್ತು. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನನ್ನ ಅಂಗಡಿ, ಸದಾಶಿವನಗರದಲ್ಲಿ ಬಾಡಿಗೆ ಮನೆ. ನಮ್ಮ ಮೊದಲ ಮಗು ಹುಟ್ಟಿದ ವಾರದೊಳಗೆ ಹೋಗಿತ್ತು. ಎರಡನೆಯ ಹೆರಿಗೆಗೆ ನನ್ನ ಹೆಂಡತಿ ಸುಶೀಲ ಕುಣಿಗಲ್ಲಿನ ತವರಿಗೆ ಹೋದಳು. ಅವಳು ಅತ್ತ ಹೋದ ಮೇಲೆ ಇತ್ತ ಗುಬ್ಬಿ ಹತ್ತಿರದ ನಮ್ಮೂರಿನಲ್ಲಿ ಅವ್ವ ಹುಟ್ಟುವ ಮಗುವಿಗೆ ಕೌದಿ ಹೊಲಿಯಲು ಕೂತಳು.

ಮೊದಲ ಮಗು ಉಳಿಯದ ಮನೆಯಲ್ಲಿ ಆ ಕೌದಿಗೆ ಒಂದು ಕ್ರಮವಿದೆ. ಮಕ್ಕಳು ಚೆನ್ನಾಗಿ ಬದುಕಿರುವ ಮನೆಗಳಿಗೆ ಹೋಗಿ, ಬಾಯಿಬಿಟ್ಟು ಕೇಳಿ, ಅವರು ಕೈಯಾರೆ ಕೊಟ್ಟ ಹಳೆಯ ಸೀರೆಯ ತುಂಡುಗಳನ್ನು ಸೇರಿಸಿ ಕೈಯಲ್ಲೇ ಹೊಲಿಯಬೇಕು. ನಟ್ಟನಡುವಿನ ತುಂಡನ್ನು ಮಾತ್ರ ಮಗುವಿನ ತಂದೆಯೇ ಕೇಳಿ ತರಬೇಕು. ಅವ್ವ ಬಿಸಿಲಿನಲ್ಲಿ ಮನೆಮನೆ ಸುತ್ತಿದಳು. ನನಗೆ ಅದು ಭಿಕ್ಷೆಯಂತೆ ಕಾಣುತ್ತಿತ್ತು. ದಿನವೆಲ್ಲ ಹೊಸ ಬಟ್ಟೆ ಕತ್ತರಿಸುವ ಮಗನಿರುವಾಗ ಈ ಚಿಂದಿ ಯಾಕೆ ಎಂದು ರೇಗಿದೆ.

"ಹೊಸಾದನ್ನ ಯಾರ್ ಬೇಕಾದ್ರೂ ತರ್ತಾರೆ ಕಣೋ. ನೀನ್ ಬಾಯ್ಬುಟ್ಟು ಕೇಳಿ ತಾ ನೋಡಾನ, ಒಂದೇ ಒಂದ್ ತುಂಡು. ನಿನ್ ಗಿರಾಕಿಗಳಲ್ಲಿ ಮಕ್ಕಳೊಂದಿಗಳು ಯಾರೂ ಇಲ್ವೇನ್ಲಾ?" ಎಂದಳು ಅವ್ವ.

ಇದ್ದರು. ಶೆಟ್ಟಿಹಳ್ಳಿಯ ಜಯಮ್ಮ ಎಂಬಾಕೆ ನಾಲ್ಕು ಮಕ್ಕಳ ತಾಯಿ. ಆದರೆ ಗಿರಾಕಿಯ ಮುಂದೆ ನಿಂತು ಹಳೆ ಸೀರೆ ಕೊಡಿ ಎಂದು ಕೇಳಲು ನನಗೆ ನಾಲಿಗೆ ಹೊರಳಲಿಲ್ಲ. ಕೇಳುವ ಅಗತ್ಯವೂ ಕಾಣಲಿಲ್ಲ. ಅವರದೇ ಒಂದು ತುಂಡು ನನ್ನ ಟೇಬಲ್ಲಿನ ಕೆಳಗಿತ್ತು. ಗುಲಾಬಿ ಬಣ್ಣದ ಪಾಪ್ಲಿನ್, ಸಣ್ಣ ಬಿಳಿ ಹೂವು. ಎರಡು ವರ್ಷದ ಹಿಂದೆ ಮಗಳ ಲಂಗಕ್ಕೆಂದು ಆಕೆ ತಂದಿದ್ದ ಬಟ್ಟೆಯಲ್ಲಿ, ಸಾಲದು ಎಂದು ಸುಳ್ಳು ಹೇಳಿ ನಾನು ಉಳಿಸಿಕೊಂಡದ್ದು. ಲಂಗ ಕಣಕಾಲಿನ ಮೇಲೆಯೇ ನಿಂತಿತ್ತು. ಅದನ್ನು ಮಗಳಿಗೆ ಹಿಡಿದು ನೋಡಿದ ಜಯಮ್ಮ, "ನಿಮ್ಮಂಗಡಿ ಬಾಗ್ಲಲ್ಲಿ ನಿಂತಿರಂಗೇ ಬೆಳೆದ್ಬುಟ್ಲೇನೋ ನನ್ ಮಗಳು" ಎಂದಿದ್ದರು. ನಾನು ನಕ್ಕಿದ್ದೆ. ಆ ಕಾಲಕ್ಕೆ ಅನೇಕ ಟೈಲರ್‌ಗಳು ಹೀಗೆ ಮಾಡುತ್ತಿದ್ದರು. ನಾನು ಇದಕ್ಕೆ ಉಳಿಕೆ ಎನ್ನುತ್ತಿದ್ದೆ. ಈಗ ಕಳವು ಎನ್ನುತ್ತೇನೆ.

ಆ ತುಂಡನ್ನು ಅವ್ವನಿಗೆ ಒಯ್ದು, ಜಯಮ್ಮ ಕೊಟ್ಟರು ಎಂದೆ. ಅವ್ವ ಬೆರಳಲ್ಲಿ ಉಜ್ಜಿ ನೋಡಿದಳು. "ಒಂದ್ ನೀರೂ ಕಂಡಿಲ್ವಲ್ಲೋ, ಗಂಜಿ ಹಂಗೇ ಐತೆ" ಎಂದಳು. ಪೆಟ್ಟಿಗೆಯಲ್ಲಿ ಎತ್ತಿಟ್ಟಿದ್ದರಂತೆ ಎಂದು ಇನ್ನೊಂದು ಸುಳ್ಳು ಸೇರಿಸಿದೆ. ಅವಳು ಅದನ್ನು ನಡುವಿಗಿಟ್ಟು ಹೊಲಿದಳು.

ಹೆಣ್ಣು ಮಗು ಹುಟ್ಟಿತು. ಐದನೆಯ ತಿಂಗಳಲ್ಲಿ ಸುಶೀಲ ಮಗುವಿನೊಂದಿಗೆ ತುಮಕೂರಿಗೆ ಬಂದಳು. ಜೊತೆಗೆ ಅವಳ ತಾಯಿ ಪುಟ್ಟಮ್ಮನೂ ಬಂದರು. ಅವ್ವ ಊರಿನಿಂದ ಕೌದಿ ತಂದು ತಾನೇ ಮಗುವಿಗೆ ಹೊದಿಸಿದಳು. ಮಾರನೆಯ ಬೆಳಿಗ್ಗೆ ನೋಡಿದರೆ ನಡುವಿನ ಗುಲಾಬಿ ತುಂಡು ಕೌದಿಯಿಂದ ಬೇರೆಯಾಗಿ ಮಗುವಿನ ಮಗ್ಗುಲಲ್ಲಿ ಬಿದ್ದಿತ್ತು. ಬೇರೆ ಯಾವ ತುಂಡೂ ಅಲುಗಿರಲಿಲ್ಲ. "ದಾರ ಹರ್ದಿಲ್ಲ ಕಣೋ, ಹಂಗೇ ಐತೆ" ಎಂದು ಅವ್ವ ನನಗೆ ತೋರಿಸಲು ಬಂದಳು. ನಾನು ನೋಡಲಿಲ್ಲ, ಅವಳ ಕಣ್ಣು ಮಂಜಾಗಿದೆ ಎಂದುಕೊಂಡೆ. ಅವ್ವ ಮತ್ತೆ ಹೊಲಿದಳು. ಮರುದಿನ ಮತ್ತೆ ಅದೇ ಆಯಿತು.

ಒಂದು ಮಗುವನ್ನು ಕಳೆದುಕೊಂಡ ಮನೆಯಲ್ಲಿ ಇಂಥದ್ದು ಸಣ್ಣ ವಿಷಯವಾಗಿ ಉಳಿಯುವುದಿಲ್ಲ. ಪುಟ್ಟಮ್ಮ ಅಡುಗೆಮನೆಯಿಂದಲೇ, ಅವ್ವನನ್ನು ಕುರಿತು, ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ಗಂಡಾಗ್ಲಿಲ್ಲ ಅಂತ ಹೊಟ್ಟೇಲಿಟ್ಕೊಂಡವ್ರೆ. ನಮ್ ಮುಂದೆ ಹೊಲೀತಾರೆ, ಹಿಂದೆ ಬಿಚ್ತಾರೆ. ಯಾರ್ ಬಿಚ್ತಾವ್ರೆ ಅಂತ ಗೊತ್ತಾಗೋಗಂಟ ಅವ್ರು ಮಗೂನ ಮುಟ್ಟೋದ್ ಬ್ಯಾಡ."

ಸುಶೀಲ ಅಳುತ್ತಿದ್ದಳು, ತಾಯಿಯ ಮಾತಿಗೆ ಎದುರಾಡಲಿಲ್ಲ. ನಾನೂ ಆಡಲಿಲ್ಲ. ಅವ್ವ ತನ್ನ ಚೀಲ ಹುಡುಕಿಕೊಂಡು, "ಆಯ್ತು ಬುಡಿ. ನಾನ್ ಮುಟ್ದೆ ಇದ್ರೆ ಮಗು ಚೆನ್ನಾಗಿರತ್ತೆ ಅಂದ್ರೆ ಮುಟ್ಟಾಕಿಲ್ಲ" ಎಂದಳು. ಬಾಗಿಲ ಹತ್ತಿರ ನಿಂತು ಮಗುವಿನ ಕಡೆ ನೋಡಿದಳು, ಹತ್ತಿರ ಹೋಗಲಿಲ್ಲ. ನಾನೇ ಅವಳನ್ನು ಗುಬ್ಬಿ ಬಸ್ಸಿಗೆ ಹತ್ತಿಸಿದೆ.

ನನಗೆ ಬಂದದ್ದು ಭಯವಲ್ಲ, ಸಿಟ್ಟು. ಗಂಜಿ ಹೋಗದ ಬಟ್ಟೆ ಜಾರುತ್ತಿದೆ, ಮುದುಕಿಯ ಕೈಹೊಲಿಗೆ ಸಡಿಲವಾಗಿದೆ, ಅಷ್ಟೇ. ನನ್ನ ಮೆಷಿನ್ನಿನ ಹೊಲಿಗೆ ಬಿಚ್ಚಲಿ ನೋಡೋಣ ಎಂದು ಕೌದಿಯನ್ನು ಅಂಗಡಿಗೆ ಒಯ್ದೆ. ತುಂಡು ನಿಂತುಬಿಟ್ಟರೆ ತಪ್ಪು ಹೊಲಿಗೆಯದು, ಅವ್ವನದಲ್ಲ ಎಂದು ಪುಟ್ಟಮ್ಮನಿಗೆ ತೋರಿಸಿ, ಸಂಜೆಯ ಬಸ್ಸಿಗೇ ಹೋಗಿ ಅವ್ವನನ್ನು ಕರೆತರುವುದು ನನ್ನ ಲೆಕ್ಕ.

ಪ್ಯಾಂಟಿನ ಹಿಂಬದಿಗೆ ಹಾಕುವ ಗಟ್ಟಿ ದಾರ ಹಾಕಿದೆ. ನಾಲ್ಕೂ ಅಂಚಿಗೆ ಎರಡೆರಡು ಸಾಲು ಹೊಲಿಗೆ ಹಾಕಿ, ಮೂಲೆಗಳಲ್ಲಿ ಹಿಂದೆ ಮುಂದೆ ಓಡಿಸಿ ಭದ್ರ ಮಾಡಿದೆ. ಎರಡು ಕೈಯಲ್ಲಿ ಹಿಡಿದು ಜಗ್ಗಿದೆ, ಅಲುಗಲಿಲ್ಲ. ಟೇಬಲ್ಲಿನ ಮೇಲೆ ಹರಡಿ, ಅಂಗಡಿಗೆ ಬೀಗ ಹಾಕಿ, ಎದುರಿನ ಹೋಟೆಲಿನಲ್ಲಿ ಬಾಗಿಲಿಗೆ ಮುಖ ಮಾಡಿ ಊಟಕ್ಕೆ ಕೂತೆ. ಆ ಬೀಗಕ್ಕೆ ಇದ್ದದ್ದು ಒಂದೇ ಕೀಲಿ, ಅದು ನನ್ನ ಜೇಬಿನಲ್ಲಿತ್ತು. ಅಂಗಡಿಗೆ ಹಿಂಬಾಗಿಲಿರಲಿಲ್ಲ, ಕಿಟಕಿಯೂ ಇರಲಿಲ್ಲ.

ಊಟ ಮುಗಿಸಿ ಬಾಗಿಲು ತೆಗೆದೆ. ಕೌದಿ ಹರಡಿದ ಹಾಗೆಯೇ ಇತ್ತು. ಅದರ ಪಕ್ಕದಲ್ಲಿ ಗುಲಾಬಿ ತುಂಡು ನಾಲ್ಕು ಮಡಿಕೆಯಾಗಿ, ಹೂವಿನ ಮಗ್ಗುಲು ಒಳಗಾಗಿ ಕೂತಿತ್ತು.

ಇಲ್ಲಿಯವರೆಗೆ ನೀವು ಏನು ಬೇಕಾದರೂ ಹೇಳಿ. ಇನ್ನೊಂದು ಕೀಲಿ ಇತ್ತೇನೋ, ಯಾರೋ ತಮಾಷೆ ಮಾಡಿದರೇನೋ. ನಾನೂ ಮೊದಲು ಹಾಗೆಯೇ ಅಂದುಕೊಂಡೆ. ಆಮೇಲೆ ಕೌದಿಯನ್ನು ಎತ್ತಿ ನೋಡಿದೆ. ನಾನು ಹಾಕಿದ ಎರಡು ಸಾಲು ಹೊಲಿಗೆ ಕೌದಿಯ ಮೇಲೆ ಬಿಗಿಯಾಗಿ ಹಾಗೆಯೇ ಇತ್ತು. ಎಲ್ಲಿಯೂ ಕತ್ತರಿಸಿರಲಿಲ್ಲ, ಬಿಚ್ಚಿರಲಿಲ್ಲ. ಅದು ಹಿಡಿದಿದ್ದ ಬಟ್ಟೆ ಮಾತ್ರ ಇರಲಿಲ್ಲ, ಆ ಜಾಗ ಬರೀ ತೂತಾಗಿತ್ತು. ತುಂಡನ್ನು ತೆಗೆದುಕೊಂಡು ಬಾಗಿಲಿಗೆ ಬಂದು ಬಿಸಿಲಿಗೆ ಹಿಡಿದೆ. ಪಾಪ್ಲಿನ್ನಿನಲ್ಲಿ ಮೆಷಿನ್ ಸೂಜಿ ಆಡಿದರೆ ಸಾಲಾಗಿ ರಂಧ್ರ ನಿಲ್ಲುತ್ತದೆ, ಇಸ್ತ್ರಿ ಮಾಡಿದರೂ ಕಾಣುತ್ತದೆ. ಆ ತುಂಡಿನಲ್ಲಿ ಒಂದು ರಂಧ್ರವೂ ಇರಲಿಲ್ಲ. ನನ್ನ ಮೆಷಿನ್ನಿನದಾಗಲಿ, ಅವ್ವನ ಸೂಜಿಯದಾಗಲಿ. ಅದನ್ನು ಯಾರೂ ಯಾವತ್ತೂ ಹೊಲಿದೇ ಇರಲಿಲ್ಲವೇನೋ ಎಂಬಂತಿತ್ತು.

ಆಗ ನಾನು ಹೆದರಿದೆ.

ಅಂಗಡಿ ಮುಚ್ಚಿ ಸೈಕಲ್ ಹತ್ತಿ ಶೆಟ್ಟಿಹಳ್ಳಿಗೆ ಹೋದೆ. ಜಯಮ್ಮ ಅಂಗಳದಲ್ಲಿ ರಾಗಿ ಹಸನು ಮಾಡುತ್ತಿದ್ದರು. ತುಂಡನ್ನು ಅವರ ಕೈಗಿಟ್ಟೆ. ಬಿಡಿಸಿ ನೋಡಿ, "ಇದ್ ನಂದು" ಎಂದರು.

"ಹೌದು."

"ಸಾಲ್ದು ಅಂದಿದ್ರಿ."

"ಸುಳ್ಳು ಹೇಳ್ದೆ" ಎಂದೆ. ಕೌದಿಯ ವಿಷಯ, ಅವ್ವ ಊರಿಗೆ ಹೊರಟುಹೋದ ವಿಷಯ ಎಲ್ಲ ಹೇಳಿ, ಈಗಲಾದರೂ ಮಗುವಿಗೆಂದು ಇದನ್ನು ಕೊಡುತ್ತೀರಾ ಎಂದು ಕೇಳಿದೆ. ಕೊಡುತ್ತಾರೆ ಎಂದೇ ನಂಬಿದ್ದೆ. ಕಥೆಗಳಲ್ಲಿ ಹಾಗೆ ಆಗುತ್ತದಲ್ಲ.

"ನಿಮ್ ಮಗು ನೂರ್ ಕಾಲ ಬಾಳ್ಲಿ ಟೈಲರಣ್ಣ. ಬಟ್ಟೆ ಮಾತ್ರ ಕೊಡಲ್ಲ. ಅವತ್ತೇ ಕೇಳಿದ್ರೆ ಉಟ್ಟಿದ್ ಸೀರೇಲೇ ಹರಿದು ಕೊಡ್ತಿದ್ದೆ. ನನ್ ಮಗಳು ಆ ಗಿಡ್ ಲಂಗ ಇಕ್ಕೊಂಡು ವರ್ಷಾನುಗಟ್ಲೆ ಸ್ಕೂಲಿಗೋದ್ಲು, ಗೊತ್ತಾ ನಿಮ್ಗೆ?" ಎಂದರು. ಮಾತಾಡುತ್ತಲೇ ತುಂಡನ್ನು ಮಡಿಸಿದರು. ನಾಲ್ಕು ಮಡಿಕೆ, ಹೂವಿನ ಮಗ್ಗುಲು ಒಳಗೆ.

ಅಲ್ಲಿಂದ ಬಂದು ಸೈಕಲ್ಲನ್ನು ಅಂಗಡಿಯಲ್ಲಿಟ್ಟು ಸೀದಾ ಗುಬ್ಬಿ ಬಸ್ಸು ಹಿಡಿದೆ. ಅವ್ವನ ಮುಂದೆ ಎಲ್ಲ ಹೇಳಿದೆ. ಅವಳು ಬೈಯಲಿಲ್ಲ. "ಕೇಳಾಕೆ ಅಷ್ಟು ಕಷ್ಟ ಆಯ್ತೇನ್ಲಾ ನಿಂಗೆ?" ಎಂದಷ್ಟೇ ಕೇಳಿದಳು. ಅವಳನ್ನು ಕರೆದುಕೊಂಡು ಬಂದು, ನಮ್ಮ ಮನೆಯಲ್ಲಿ ಹೆಂಡತಿ ಮತ್ತು ಅತ್ತೆಯ ಮುಂದೆ ಇನ್ನೊಮ್ಮೆ ಎಲ್ಲ ಹೇಳಿದೆ. ಪುಟ್ಟಮ್ಮ ಮಗುವನ್ನು ಅವ್ವನ ಕಡೆ ಚಾಚಿ, "ತಗೊಳ್ಳಿ ಬೀಗ್ರೆ, ನಂಗೆ ಕೈ ನೋಯ್ತೈತೆ" ಎಂದರು.

ನಡುವಿನ ಜಾಗಕ್ಕೆ ಬೇರೆ ತುಂಡು ಕೇಳಿ ತರುತ್ತೇನೆ ಎಂದು ನಾನೇ ಹೊರಟೆ. ಅವ್ವ ಬೇಡವೆಂದಳು. "ಹಂಗೇ ಇರ್ಲಿ ಬುಡು. ಮಗು ಬೆರಳು ತೂರುಸ್ಕೊಂಡು ಆಟ ಆಡ್ಕೊಳ್ಳಲಿ" ಎಂದಳು. ನನ್ನ ಎರಡು ಸಾಲು ಹೊಲಿಗೆಯನ್ನೂ ಅವಳು ಬಿಚ್ಚಗೊಡಲಿಲ್ಲ. ಮಗಳು ಅದರಲ್ಲೇ ಮಲಗಿ, ಅದರಲ್ಲೇ ಬೆರಳಾಡಿಸಿ ದೊಡ್ಡವಳಾದಳು.

ಅವ್ವ ಈಗಿಲ್ಲ. ಕಳವಿಗೆ ನಾನು ಪಶ್ಚಾತ್ತಾಪ ಪಟ್ಟಿದ್ದೇನೆ. ಆಮೇಲೆ ಅಂಗಡಿ ನಡೆಸಿದಷ್ಟು ಕಾಲವೂ ಗೇಣುದ್ದದ ಚೂರನ್ನೂ ಗಿರಾಕಿಗೆ ವಾಪಸು ಕೊಟ್ಟಿದ್ದೇನೆ. ಆದರೆ ಕಂಡದ್ದನ್ನು ಕಂಡಿಲ್ಲ ಎನ್ನಲು ಮಾತ್ರ ನಾನು ತಯಾರಿಲ್ಲ. ಓದಿದವರು ನನ್ನ ಮುಂದೆ ಏನೇನೋ ವಿವರಣೆ ಇಟ್ಟಿದ್ದಾರೆ. ಬಿಸಿಲು, ಗಂಜಿ, ಮನಸ್ಸಿನ ಭ್ರಮೆ. ಎಲ್ಲರಿಗೂ ನಾನು ಪೆಟ್ಟಿಗೆಯಿಂದ ಆ ಕೌದಿ ತೆಗೆದು, ನಡುವಿನ ಬರಿ ಜಾಗದ ಸುತ್ತ ಇನ್ನೂ ಬಿಗಿಯಾಗಿ ನಿಂತಿರುವ ನನ್ನ ಹೊಲಿಗೆಯನ್ನು ತೋರಿಸುತ್ತೇನೆ. ಇದು ಏನನ್ನು ಹಿಡಿದುಕೊಂಡಿದೆ ಹೇಳಿ ಎಂದು ಕೇಳುತ್ತೇನೆ. ಅವರು ಮುಟ್ಟಿ ನೋಡಿ ಸುಮ್ಮನಾಗುತ್ತಾರೆ. ಆ ಗುಲಾಬಿ ತುಂಡಿನಲ್ಲಿ ಅವತ್ತು ಒಂದೇ ಒಂದು ರಂಧ್ರ ಕಂಡಿದ್ದರೆ ನಾನೂ ಸುಮ್ಮನಾಗಿಬಿಡುತ್ತಿದ್ದೆ.